ಛಾವಣಿಗೆ ತಂದ ಜಲ್ಲಿ

ಸರಕಾರಿ ಶಾಲೆಗಳಲ್ಲಿ ಒಂದು ಜೀವಮಾನವಿಡೀ ಗಂಟೆ ಹೊಡೆಸಿದವನು ನಾನು. ಹೊಡೆಯುವುದು ಬೇರೆ, ಹೊಡೆಸುವುದು ಬೇರೆ. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತು ಎದ್ದವರಿಗೆ ಈ ಭೇದ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ರೈಲು ಹಳಿಯ ತುಂಡೊಂದು, ಕಬ್ಬಿಣದ ಬೋಲ್ಟೊಂದು, ಒಬ್ಬ ಜವಾನ, ಇವಿಷ್ಟರಿಂದ ಸೂರ್ಯನಿಗೂ ಸ್ವಲ್ಪ ಶಿಸ್ತು ಕಲಿಸಿದ್ದೇನೆ ಎಂಬ ನಂಬಿಕೆಯಲ್ಲೇ ನಿವೃತ್ತನಾದೆ. ತೊಂಬತ್ತರ ದಶಕದ ಕೊನೆ ಅದು. ಕೂಡ್ಲಿಗಿಯ ಮನೆಯಲ್ಲಿ ಕೂತ ಕೆಲವೇ ತಿಂಗಳಲ್ಲಿ, ಗಂಟೆಯಿಲ್ಲದ ಮುಖ್ಯೋಪಾಧ್ಯಾಯ ಮನೆಯವರಿಗೆ ಎಂಥ ಉಪದ್ರವ ಎಂಬುದು ನನ್ನ ಹೆಂಡತಿಗೆ ಮೊದಲು, ನನಗೆ ಆಮೇಲೆ ಗೊತ್ತಾಯಿತು.

ಅಂಥ ಹೊತ್ತಿನಲ್ಲಿ ಅಕ್ಕೋರು ಬಂದರು. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಮೂವತ್ತು ದಾಟಿದ ಹೆಂಗಸು. ಕಾನಹೊಸಹಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗಲೇ ಹೆದ್ದಾರಿ ಬಿಟ್ಟು ಒಳಗೆ ನಡೆದರೆ ಅವರ ತಂದೆಯ ಹೊಲ. ಆ ಹೊಲದ ಒಂದು ಮೂಲೆಯಲ್ಲಿ, ಜೋಳ ಕೂಡ ಬೇಡವೆಂದು ಬಿಟ್ಟ ಕಲ್ಲು ನೆಲದಲ್ಲಿ, ಒಂದರಿಂದ ನಾಲ್ಕರವರೆಗೆ ಶಾಲೆ ನಡೆಸುತ್ತಿದ್ದರು. ಗರಿ ಹೊದಿಸಿದ ಚಪ್ಪರ, ಒಂದು ಹುಣಸೆ ಮರ, ಸುತ್ತ ತಂಗಡಿ ಗಿಡ, ಜಾಲಿ, ಬಂಡೆ. ಶಿಕ್ಷಕರ ತರಬೇತಿ ಆದವರೊಬ್ಬರು ಶಾಲೆಯಲ್ಲಿ ಇರಲೇಬೇಕೆಂದು ಇಲಾಖೆಯವರು ಪಟ್ಟು ಹಿಡಿದಿದ್ದರಂತೆ.

"ಸರ, ನೀವು ಬಂದು ಕುಂತ್ರ ಸಾಕ್ರಿ," ಅಂದರು ಅಕ್ಕೋರು. "ಉಳಿದದ್ದು ಮಕ್ಕಳು ನೋಡ್ಕೋತಾರ."

ಒಳಗಿನಿಂದ ನನ್ನ ಹೆಂಡತಿ, "ಹೋಗ್ರಿ, ಹೋಗ್ರಿ. ದಿನಾ ಮುಂಜಾನೆದ್ದು ನನ್ನ ಹಾಜರಿ ಕರಿಯೋದರ ತಪ್ಪತೈತಿ," ಅಂದಳು. ನೇಮಕಾತಿ ಹೀಗೆ ಸರ್ವಾನುಮತದಿಂದ ಆಯಿತು.

ಮೊದಲ ದಿನ ಬಸ್ಸಿಳಿದು ಹೊಲದ ದಾರಿ ನಡೆದು ಹೋದಾಗ ಶಾಲೆ ಖಾಲಿ ಇತ್ತು. ಚಪ್ಪರದ ಮುಂದೆ ಚಪ್ಪಲಿಗಳು ಸಾಲಾಗಿ ನಿಂತಿದ್ದವು, ಅವುಗಳ ಒಡೆಯರು ಎಲ್ಲೂ ಇಲ್ಲ. ಅಕ್ಕೋರು ಹುಣಸೆ ಮರದ ಬುಡದಲ್ಲಿ ಸುಮ್ಮನೆ ಕೂತಿದ್ದರು. "ಮಕ್ಕಳು ಎಲ್ಲಿ?" ಎಂದು ನಾನು ನನ್ನ ಮುಖ್ಯೋಪಾಧ್ಯಾಯ ದನಿಯಲ್ಲಿ ಕೇಳಿದೆ. ಅವರು ತುಟಿಯ ಮೇಲೆ ಬೆರಳಿಟ್ಟು ಸುತ್ತ ಕೈ ಬೀಸಿದರು. ಕಣ್ಣು ಕಿರಿದು ಮಾಡಿ ನೋಡಿದರೆ, ಅಲ್ಲೊಂದು ತಂಗಡಿ ಗಿಡದ ಹಿಂದೆ ಕೆಂಪು ರಿಬ್ಬನ್ನು, ಇಲ್ಲೊಂದು ಬಂಡೆಯ ಮಗ್ಗುಲಿಗೆ ಬೋಳು ತಲೆ, ಹುತ್ತದ ಪಕ್ಕದಲ್ಲಿ ಎರಡು ಮೊಣಕಾಲು. ಒಬ್ಬೊಬ್ಬರೂ ಒಂದೊಂದು ಕಡೆ, ಮಾತಿಲ್ಲದೆ, ಅಲ್ಲಾಡದೆ ಕೂತಿದ್ದರು. ಸರಕಾರಿ ಶಾಲೆಯಲ್ಲಿ ಇಷ್ಟು ಮೌನ ನಾನು ಕಂಡದ್ದು ಎರಡೇ ಸಂದರ್ಭದಲ್ಲಿ: ಸಾಹೇಬರು ಬಂದಾಗ ಮತ್ತು ಚುಚ್ಚುಮದ್ದಿನವರು ಬಂದಾಗ.

ಅದು ಆ ಶಾಲೆಯ ಮೊದಲ ಪೀರಿಯಡ್ಡು. ಪ್ರತಿ ಮಗುವಿಗೂ ಅದರದೇ ಒಂದು "ಜಾಗ" ಇತ್ತು. ಜೂನ್‌ನಲ್ಲಿ ಸೇರಿದಾಗ ಅದೇ ಹುಡುಕಿಕೊಳ್ಳಬೇಕು. ಒಮ್ಮೆ ಹಿಡಿದ ಮೇಲೆ ವರ್ಷವಿಡೀ ಬಿಡುವಂತಿಲ್ಲ. ದಿನಾ ಮುಂಜಾನೆ ಬಂದ ಕೂಡಲೇ ಅಲ್ಲಿ ಹೋಗಿ ಕೂರಬೇಕು. ಹುಣಸೆಯ ನೆರಳು ಚಪ್ಪರದ ಮೆಟ್ಟಿಲ ಕಲ್ಲು ಬಿಟ್ಟು ಹಿಂದೆ ಸರಿದಾಗ ಎದ್ದು ಬರಬೇಕು. ಎರಡೇ ಕಟ್ಟಳೆ: ಅಲ್ಲಿ ಬದುಕುವ ಯಾವುದನ್ನೂ ಅಲ್ಲಿಂದ ಕದಲಿಸಬಾರದು, ಕಂಡದ್ದನ್ನು ಮಾತ್ರ ಬಂದು ಹೇಳಬೇಕು. ಈ ಹೇಳುವುದಕ್ಕೆ "ಸುದ್ದಿ" ಎಂದು ಹೆಸರು. ನನ್ನ ಕೈಯಲ್ಲಿ ಗಡಿಯಾರವಿತ್ತು. ಮೊದಲ ವಾರ ನೆರಳನ್ನೂ ಗಡಿಯಾರವನ್ನೂ ತಾಳೆ ನೋಡುತ್ತಾ ಕೂತೆ. ಆಮೇಲೆ ಗಡಿಯಾರ ಮನೆಯಲ್ಲೇ ಉಳಿಯತೊಡಗಿತು.

ಸುದ್ದಿಯ ಗಾಂಭೀರ್ಯ ಆಕಾಶವಾಣಿಗೂ ಇರಲಿಲ್ಲ. "ನನ್ನ ಕಲ್ಲಿನ ಕೆಳಗಿನ ಚೇಳು ಮನಿ ಖಾಲಿ ಮಾಡೈತ್ರಿ." "ನಿನ್ನಿ ಹೊರಳಿ ಬಿದ್ದಿದ್ದ ಜೀರಂಗಿನ ಇರುವಿ ಇವತ್ತ ಪೂರ್ತಿ ಒಯ್ದಾವ್ರಿ, ರೆಕ್ಕಿ ಮಾತ್ರ ಬಿಟ್ಟಾವ." ಯಾರೂ ನಗುತ್ತಿರಲಿಲ್ಲ. ಅಕ್ಕೋರು ಪ್ರತಿಯೊಂದಕ್ಕೂ, "ಹೌದಾ? ಆಮ್ಯಾಲ?" ಅನ್ನುತ್ತಿದ್ದರು. ನನಗೂ ಒಂದು ಜಾಗ ಹಿಡಿಯಬೇಕಾಯಿತು. ಬೆನ್ನು ಆನಿಸಲು ಅನುಕೂಲವಾದ ಬಂಡೆಯೊಂದನ್ನು, ವೈಜ್ಞಾನಿಕ ಕಾರಣಗಳಿಗಾಗಿ, ಆರಿಸಿಕೊಂಡೆ. ಮೂರನೆಯ ದಿನದ ಸುದ್ದಿಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: "ಮೇಷ್ಟ್ರು ಗೊರಕಿ ಹೊಡಿಯೋವಾಗ ಓತಿಕ್ಯಾತ ಬಂದು ಅವರ ಚಪ್ಪಲಿ ಮ್ಯಾಲ ಕುಂತಿತ್ರಿ. ಗೊರಕಿ ನಿಂತ ಕೂಡ್ಲೆ ಇಳದು ಹೋತು."

"ಹೌದಾ?" ಅಂದರು ಅಕ್ಕೋರು, ನನ್ನ ಕಡೆ ನೋಡದೆ. "ಆಮ್ಯಾಲ?"

ಕಂಡದ್ದನ್ನು ಹೇಳುವ ಶಾಲೆಯಲ್ಲಿ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ. ಆ ಹುಡುಗಿ ಕಾನಹೊಸಹಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವರ ಮಗಳು. ಮಾತು ಕಡಿಮೆ, ಕಣ್ಣು ಜಾಸ್ತಿ. ಅವತ್ತಿನಿಂದ ಅವಳ ಮುಂದೆ ಮೂಗು ಕೆರೆದುಕೊಳ್ಳುವುದಕ್ಕೂ ಯೋಚಿಸುತ್ತಿದ್ದೆ.

ಸುದ್ದಿ ಮುಗಿದ ಮೇಲೆ ಲೆಕ್ಕ. ಲೆಕ್ಕಕ್ಕೆ ಪುಸ್ತಕಕ್ಕಿಂತ ಮೊದಲು ಹುಣಸೆ ಬೀಜ, ಬೇವಿನ ಬೀಜ, ಕಲ್ಲು. ಅಕ್ಷರಕ್ಕೆ ಮೊದಲು ಮರಳು, ಆಮೇಲೆ ಪಾಟಿ. ಹೊಟ್ಟೆ ಹಸಿದಾಗ, ಅಂದರೆ ಒಂದನೇ ತರಗತಿಯವರು ಬುತ್ತಿಯ ಗಂಟನ್ನು ಮೂರನೇ ಸಲ ಮುಟ್ಟಿ ನೋಡಿದಾಗ, ಕೈ ತೊಳೆದು ರೊಟ್ಟಿ, ಶೇಂಗಾ ಚಟ್ನಿ. ತೊಟ್ಟಿಯ ಪಕ್ಕ ಕೈ ತೊಳೆದ ನೀರು ಹರಿದು ಒಂದು ಸಣ್ಣ ಹೊಂಡದಲ್ಲಿ ನಿಲ್ಲುತ್ತಿತ್ತು. ಮಧ್ಯಾಹ್ನ ಹುಣಸೆ ಕೆಳಗೆ ಓದು, ಕತೆ, ಜೇಡಿಮಣ್ಣಿನ ಕೆಲಸ. ಸಂಜೆ ಒಬ್ಬೊಬ್ಬರೂ ತಮ್ಮ ಪಾಲಿನ ಗಿಡಕ್ಕೆ ಒಂದು ಚೊಂಬು ನೀರು ಹಾಕಿ, ಕಸ ಗುಡಿಸಿ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಇದಿಷ್ಟೂ ಗಂಟೆಯಿಲ್ಲದೆ ನಡೆಯುವುದನ್ನು ನೋಡುವುದು ನನ್ನಂಥವನಿಗೆ, ಎಂಜಿನ್ನಿಲ್ಲದೆ ಹೋಗುವ ರೈಲನ್ನು ನೋಡಿದ ಹಾಗಿತ್ತು.

ಆದರೆ ಇಲಾಖೆ ರೈಲನ್ನು ನಂಬುವುದು ಎಂಜಿನ್ನು ಕಂಡ ಮೇಲೆಯೇ. ಚಪ್ಪರದಲ್ಲಿ ಶಾಲೆ ನಡೆಸುವ ಹಾಗಿಲ್ಲ, ಬರುವ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಗಟ್ಟಿ ಛಾವಣಿಯ ಒಂದು ಕೋಣೆಯಾದರೂ ಇರಬೇಕು, ಇಲ್ಲದಿದ್ದರೆ ಅನುಮತಿ ಮುಂದುವರಿಯುವುದಿಲ್ಲ ಎಂದು ಹೇಳಿ ಹೋದರು. ಅಕ್ಕೋರಿಗೆ ಈ ಶಾಲೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಗಂಡನ ಮನೆಯಿಂದ ವಾಪಸು ಬಂದವರು. ತಂದೆಯನ್ನು ಕಾಡಿ ಬೇಡಿ ಹೊಲದ ಮೂಲೆ ಪಡೆದವರು. ಊರವರ "ಆಟದ ಸಾಲಿ" ಎಂಬ ಮಾತನ್ನು ಐದು ವರ್ಷ ನುಂಗಿದವರು. ಅನುಮತಿ ಹೋದರೆ ಮಕ್ಕಳು ಚದುರಿ ಹೋಗುತ್ತಾರೆ, ಮತ್ತೆ ಕೂಡುವುದಿಲ್ಲ. ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಅದೂ ಪಾಟಿ ಒರೆಸುತ್ತಾ.

ಬೇಸಿಗೆಗೆ ಮುಂಚೆಯೇ ಕೆಲಸ ಶುರುವಾಯಿತು. ಕೂಡ್ಲಿಗಿಯ ಮೇಸ್ತ್ರಿ, ಮುಸಲ್ಮಾನರು, ಅರ್ಧ ತಾಲ್ಲೂಕಿನ ಮನೆಗಳ ಮೂಲೆ ಗೂಟ ಹೊಡೆದವರು, ಕಲ್ಲಿನ ಗೋಡೆ ಏರಿಸಿ ಮುಗಿಸಿದರು. ಛಾವಣಿಗೆ ಕಾಂಕ್ರೀಟು ಹಾಕಬೇಕು. ಅದಕ್ಕೆ ಜಲ್ಲಿ. ಲಾರಿಯವನೊಬ್ಬ ಆ ಕಡೆ ಖಾಲಿ ಹೋಗುವವನಿದ್ದನೆಂದು ಬೇಕಾಗುವುದಕ್ಕಿಂತ ತಿಂಗಳ ಮೊದಲೇ ಒಂದು ಲೋಡು ಸುರುವಿ ಹೋದ.

ಬೇರೆ ಯಾವ ಶಾಲೆಯಲ್ಲಾದರೂ ಜಲ್ಲಿ ರಾಶಿ ಜಲ್ಲಿ ರಾಶಿಯಾಗೇ ಇರುತ್ತಿತ್ತು. ಇಲ್ಲಿ ಅದು ಗಣಿತದ ಉಪಕರಣವಾಯಿತು. ಒಂದನೆಯವರು ಹತ್ತು ಹತ್ತಾಗಿ ಗುಡ್ಡೆ ಹಾಕಿದರು, ಎರಡನೆಯವರು ಬಣ್ಣದ ಪ್ರಕಾರ ಬೇರೆ ಮಾಡಿದರು, ಮೂರನೆಯವರು ಗುಣಿಸಿದರು, ನಾಲ್ಕನೆಯವರು ಭಾಗಿಸಿದರು. ಮಗ್ಗಿಯನ್ನು ಕಣ್ಣಿನಿಂದ ನೋಡುವ ಈ ಅವಕಾಶಕ್ಕೆ ಮಕ್ಕಳನ್ನು ನಾನೂ ಹುರಿದುಂಬಿಸಿದೆ. ಎರಡು ವಾರದಲ್ಲಿ ಆಳೆತ್ತರದ ರಾಶಿ ಗೋಡೆಯ ಪಕ್ಕ ಅಂಗಳದ ತುಂಬ ಗೇಣು ಎತ್ತರಕ್ಕೆ ಹರಡಿಕೊಂಡಿತು. ನಡುನಡುವೆ ಪುಟ್ಟ ಪುಟ್ಟ ತಟ್ಟೆಯಂಥ ಗುಣಿಗಳು. ಮೇಸ್ತ್ರಿ ಬಂದು ನೋಡಿ, "ಅರೆ, ಇದೇನ್ರಿ ಮೇಷ್ಟ್ರೇ, ಜಲ್ಲಿ ಒಣಗಾಕ ಹಾಕೀರೇನು?" ಅಂದರು. ಗುಣಾಕಾರ ಎಂದು ನಾನು ಘನತೆಯಿಂದ ಉತ್ತರಿಸಿದೆ.

ಯುಗಾದಿ ಆಗಿ ಕೆಲವು ದಿನಕ್ಕೆ ಸೈಕಲ್ ಅಂಗಡಿಯವರ ಮಗಳು ಸುದ್ದಿಯಲ್ಲಿ ಎದ್ದು ನಿಂತಳು. ಜಲ್ಲಿಯ ಅಂಚಿಗೇ ಅವಳ ಜಾಗ.

"ನನ್ನ ಗುಣಿಯಾಗ ನಾಕು ಕಲ್ಲು ಹೆಚ್ಚಾಗ್ಯಾವ್ರಿ."

"ಯಾರರ ಇಟ್ಟಿರಬೇಕು," ಅಂದೆ ನಾನು.

"ಅವು ಬೆಚ್ಚಗ ಅದಾವ್ರಿ."

"ಬಿಸಿಲಿಗೆ ಬಿದ್ದ ಕಲ್ಲು ಬೆಚ್ಚಗಿರದ ಏನಿರ್ತಾವವ್ವ?"

"ಉಳದ ಕಲ್ಲು ತಣ್ಣಗ ಅದಾವ್ರಿ," ಅಂದಳು.

ಅಕ್ಕೋರು ಎದ್ದರು. ನಾವೆಲ್ಲ ಹೋದೆವು. ಜಲ್ಲಿಯ ಅಂಚು ಮುಟ್ಟುವುದೇ ತಡ, ತಲೆಯ ಮೇಲೆ ಒಂದು ಹಕ್ಕಿ ಸುತ್ತತೊಡಗಿತು. ಉದ್ದ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ತೊಗಲು. ಪುಸ್ತಕದಲ್ಲಿ ಟಿಟ್ಟಿಭ, ಮಕ್ಕಳ ಬಾಯಲ್ಲಿ ಟಿಟ್ಟಿ. ಅದರ ಬೈಗುಳವನ್ನು ಅಕ್ಷರಕ್ಕಿಳಿಸುವುದು ಈ ವಯಸ್ಸಿನಲ್ಲಿ ನನಗೆ ಶೋಭಿಸುವುದಿಲ್ಲ. ಹುಡುಗಿ ಬೆರಳು ತೋರಿಸಿದಳು. ನಾನು ಬಗ್ಗಿದೆ. ಕಲ್ಲು ಕಂಡವು. ಕನ್ನಡಕ ಒರೆಸಿ ನೋಡಿದೆ. ಇನ್ನಷ್ಟು ಕಲ್ಲು ಕಂಡವು. "ಅಲ್ಲಿ ರೀ, ನಿಮ್ಮ ಹೆಬ್ಬಟ್ಟಿನ ಮುಂದ," ಅಂದಳು. ಆಗ, ನೋಡುತ್ತಾ ನೋಡುತ್ತಾ, ಬೂದಿ ಬಣ್ಣದ ಮೇಲೆ ಕಪ್ಪು ಚುಕ್ಕೆಯ ನಾಲ್ಕು ಕಲ್ಲುಗಳು ಮೊಟ್ಟೆಗಳಾದವು. ಚೂಪು ತುದಿ ಒಳಗೆ ಮಾಡಿ ಒಂದಕ್ಕೊಂದು ಮುಖ ಕೊಟ್ಟು ಮಲಗಿದ್ದವು. ಕಣ್ಣು ಒಂದು ಕ್ಷಣ ಆಚೆ ಸರಿಸಿದೆ. ಮತ್ತೆ ನೋಡಿದರೆ ಕಲ್ಲು. ಒಂದು ಜೀವಮಾನದಲ್ಲಿ ಎಷ್ಟು ಸಲ ಇಂಥದ್ದರ ಮೇಲೆ ಕಾಲಿಟ್ಟು ನಡೆದಿದ್ದೇನೋ ಎಂಬ ಯೋಚನೆ ಬಂತು. ಒಂದು ಹೆಜ್ಜೆ ಹಿಂದೆ ಸರಿಯುವುದಕ್ಕೂ ಧೈರ್ಯ ಸಾಲಲಿಲ್ಲ. ಕೊನೆಗೆ ಆ ಹುಡುಗಿಯೇ ನನ್ನ ಕೈ ಹಿಡಿದು ಆಚೆ ಕರೆತಂದಳು.

ರಾಶಿಯಾಗಿದ್ದ ಜಲ್ಲಿಯನ್ನು ಆ ಹಕ್ಕಿ ತಿರುಗಿಯೂ ನೋಡುತ್ತಿರಲಿಲ್ಲ. ಹರಡಿ, ಗುಣಿ ಮಾಡಿ, ಹದಗೊಳಿಸಿ ಕೊಟ್ಟವರು ನಾವು. ನಮ್ಮ ಗುಣಾಕಾರಕ್ಕೆ ಬಂದ ಉತ್ತರ ಅದು.

ಮೇಸ್ತ್ರಿ ಅದೇ ವಾರದ ಕೊನೆಗೆ ಛಾವಣಿ ಹಾಕುವವರಿದ್ದರು. ಕಾಂಕ್ರೀಟು ಬಿದ್ದ ಮೇಲೆ ಅದನ್ನು ಹೊತ್ತು ನಿಲ್ಲುವ ಕಂಬ, ಹಲಗೆ, ಅಂದರೆ ಸೆಂಟ್ರಿಂಗು, ಮೂರು ವಾರವಾದರೂ ಇರಬೇಕು. ಈಗ ಹಾಕಿದರೆ ಜೂನ್ ಹೊತ್ತಿಗೆ ಎಲ್ಲ ಬಿಚ್ಚಿ, ಸುಣ್ಣ ಬಳಿದು, ಸಾಹೇಬರಿಗೆ ಕುರ್ಚಿ ಹಾಕಬಹುದು. ಈಗ ಬಿಟ್ಟರೆ ಮೇಸ್ತ್ರಿಯ ತಂಡ ಹಡಗಲಿಗೆ, ಕಲ್ಯಾಣ ಮಂಟಪವೊಂದರ ಕೆಲಸಕ್ಕೆ ಹೋಗುತ್ತದೆ. ಯಾವಾಗ ವಾಪಸು ಬರುವುದೋ ದೇವರಿಗೇ ಗೊತ್ತು. ಇನ್ನೊಂದು ಲೋಡು ಜಲ್ಲಿ ತರಿಸುವ ಶಕ್ತಿ ಅಕ್ಕೋರಿಗೆ ಇರಲಿಲ್ಲ.

"ಒಂದು ಬುಟ್ಟಿಯಾಗ ಹುಲ್ಲು ಹಾಕಿ, ಹುಷಾರಾಗಿ ಎತ್ತಿ ಆ ಜಾಲಿ ಕೆಳಗ ಇಡೋಣ," ಎಂದು ನಾನು ಸೂಚಿಸಿದೆ. ಮಕ್ಕಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ನಾಲ್ಕನೇ ತರಗತಿಯವನೊಬ್ಬ ತಾಳ್ಮೆಯಿಂದ, ನಾನು ದಡ್ಡ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಅದೇ ರಾಗದಲ್ಲಿ, "ಬುಟ್ಟಿಯಾಗಿದ್ರ ಅವು ಅದರ ತತ್ತಿ ಅಲ್ರಿ. ಅದಕ್ಕ ಗೊತ್ತಿರೋದು ಜಾಗ," ಅಂದ.

ಕಟ್ಟಳೆ ಮಾಡಿದವರು ಅಕ್ಕೋರೇ. ಐದು ವರ್ಷ ದಿನಾ ಮುಂಜಾನೆ ಅದನ್ನು ಮಕ್ಕಳಿಗೆ ಹೇಳಿದವರು. ಆ ದಿನ ಸಂಜೆ ಮಕ್ಕಳು ಹೋದ ಮೇಲೂ ಗೋಡೆಗೆ ಒರಗಿ ಜಲ್ಲಿಯನ್ನೇ ನೋಡುತ್ತಾ ನಿಂತಿದ್ದರು. ನಾನು ಬಸ್ಸಿಗೆ ಹೊರಡುವಾಗ ಕೇಳಿದರು: "ಸರ, ಇದೊಂದು ಸಲ ಅಂತ ನಾ ಎತ್ತಿಸಿದ್ರ, ನಾಳಿ ಮುಂಜಾನೆ ಸುದ್ದಿ ಹೆಂಗ ಕೇಳ್ಲಿ?"

ಬಸ್ಸಿನ ಹೊತ್ತಾಯಿತೆಂದು ನಾನು ಹೊಲದ ದಾರಿ ಹಿಡಿದೆ.

ಮರುದಿನ ಮೇಸ್ತ್ರಿಗೆ ವಿಷಯ ಹೇಳಿದಾಗ ಅವರು ಬೀಡಿ ತುಟಿಯಿಂದ ತೆಗೆದರು. "ನಾಕು ತತ್ತಿಗೆ ನನ್ನ ಇಷ್ಟು ಮಂದಿ ಕೈ ಕಟ್ಟಿ ಕುಂದ್ರಬೇಕೇನ್ರಿ ಅಕ್ಕೋರೇ? ಊರಾಗ ಹೇಳಿದ್ರ ನಗತಾರ್ರಿ!"

"ನಗಲಿ ಬಿಡ್ರಿ. ಐದು ವರ್ಷದಿಂದ ನಗತದಾರ, ರೂಢಿ ಆಗೈತಿ."

"ನಾ ಹಡಗಲಿಗೆ ಹ್ವಾದ್ರ ಬರೋದು ನನ್ನ ಕೈಯಾಗಿಲ್ಲ, ಮೊದಲ ಹೇಳೇನಿ."

"ಗೊತ್ತೈತ್ರಿ," ಅಂದರು ಅಕ್ಕೋರು.

ಮೇಸ್ತ್ರಿ ಆಳುಗಳಿಗೆ ಸಾಮಾನು ಕಟ್ಟಲು ಹೇಳಿದರು. ಹೋಗುವ ಮೊದಲು, ಯಾರೂ ನೋಡುತ್ತಿಲ್ಲವೆಂದುಕೊಂಡು, ಜಲ್ಲಿಯ ಕಡೆ ಬಂದು ಕತ್ತು ಚಾಚಿ ನಿಂತರು. ಹಕ್ಕಿ ಎದ್ದು ಅವರ ಟೋಪಿಗೇ ಗುರಿ ಇಟ್ಟು ಬಂತು. ತಲೆ ತಗ್ಗಿಸಿ ಓಡುತ್ತಾ, "ಅರೆ ಅರೆ, ಹೋಗ್ತೇನವ್ವ ತಾಯಿ, ಹೋಗ್ತೇನಿ," ಎಂದು ಅದಕ್ಕೇ ಹೇಳಿದರು.

ಆಮೇಲೆ ಬಂದದ್ದು ನಮ್ಮ ಕಡೆಯ ಏಪ್ರಿಲ್. ಹತ್ತು ಗಂಟೆಗೆಲ್ಲ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಶಾಲೆಗೆ ರಜೆ ಕೊಟ್ಟೆವು, ಮಕ್ಕಳು ತೆಗೆದುಕೊಳ್ಳಲಿಲ್ಲ. ಬಿಸಿಲೇರುವ ಮೊದಲು ಬಂದು, ಚಪ್ಪಲಿ ಸಾಲಾಗಿಟ್ಟು, ತಮ್ಮ ಜಾಗಗಳಲ್ಲಿ ಕೂತು, ಸುದ್ದಿ ಹೇಳಿ ಹೋಗುತ್ತಿದ್ದರು. ನಾನೂ ಬರುತ್ತಿದ್ದೆ. ಮೇಲ್ವಿಚಾರಣೆಗೆ ಎಂದು ಹೆಂಡತಿಗೆ ಹೇಳಿದ್ದೆ. ಯಾರು ಯಾರ ಮೇಲ್ವಿಚಾರಣೆ ಎಂದು ಅವಳು ಕೇಳಲಿಲ್ಲ.

ಒಂದು ದಿನ ಹುಡುಗಿ ಸುದ್ದಿ ಹೇಳಿದಳು: "ಟಿಟ್ಟಿ ಜಳಕ ಮಾಡಿ ಮೈ ಒರಸ್ಕೊಳ್ದ ಬಂದು ಕುಂದ್ರತೈತ್ರಿ."

ಇದನ್ನು ನಾನೇ ನೋಡಬೇಕೆಂದು, ನನ್ನ ಬಂಡೆ ಬಿಟ್ಟು, ಅವಳ ಅಪ್ಪಣೆ ಪಡೆದು, ಅವಳ ಜಾಗದ ಹಿಂದೆ ಕೂತೆ. ಬಿಸಿಲು ಏರಿತು. ಕಾವಿಗೆ ಕೂತಿದ್ದ ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಆ ಹೊತ್ತಿಗೆ ಅದರ ಜೋಡಿ ತೊಟ್ಟಿಯ ಪಕ್ಕದ ಹೊಂಡಕ್ಕೆ ಇಳಿಯಿತು. ನಾವು ಕೈ ತೊಳೆದ ನೀರಿನಲ್ಲಿ ಕಾಲು ಮಡಚಿ ಕೂತು, ಹೊಟ್ಟೆಯ ಗರಿಗಳನ್ನು ಅಲುಗಾಡಿಸಿ ಅಲುಗಾಡಿಸಿ ತೋಯಿಸಿಕೊಂಡಿತು. ಹಾಗೇ ತೊಟ್ಟಿಕ್ಕುತ್ತಾ ಹಾರಿ ಬಂತು. ಕೂತಿದ್ದದ್ದು ಎದ್ದು ಜಾಗ ಬಿಟ್ಟಿತು. ಬಂದದ್ದು ಆ ಒದ್ದೆ ಹೊಟ್ಟೆಯನ್ನು ನಾಲ್ಕು ಮೊಟ್ಟೆಗಳ ಮೇಲೆ ಮೆಲ್ಲಗೆ ಇಳಿಸಿತು. ಕಾವು ಕೊಡುವ ಹಕ್ಕಿಗಳನ್ನು ಪಾಠ ಮಾಡಿದ್ದೇನೆ. ಬಿಸಿಲಿನಲ್ಲಿ ತಂಪು ಹೊತ್ತು ತರುವ ಹಕ್ಕಿಯನ್ನು ಯಾರೂ ನನಗೆ ಪಾಠ ಮಾಡಿರಲಿಲ್ಲ. ಮಧ್ಯಾಹ್ನದವರೆಗೆ ಎರಡೂ ಹಾಗೇ ಓಡಾಡಿದವು. ನಾನು ಏಳಲಿಲ್ಲ. ನಿದ್ದೆಯೂ ಬರಲಿಲ್ಲ. ಹುಡುಗಿ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿ, ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಕೊಟ್ಟಳು. ಯಾವ ಪ್ರಶಸ್ತಿ ಪತ್ರವೂ ನನಗೆ ಅಷ್ಟು ಹಿತವೆನಿಸಿರಲಿಲ್ಲ.

ಅಂದಿನಿಂದ ಹೊಂಡ ಒಣಗದ ಹಾಗೆ ನೋಡಿಕೊಳ್ಳುವುದು ಆ ಶಾಲೆಯ ಪಠ್ಯಕ್ರಮವಾಯಿತು. ಮಕ್ಕಳು ಬೇಕಿಲ್ಲದಿದ್ದರೂ ಕೈ ತೊಳೆದರು. ನಾನೂ ತೊಳೆದೆ.

ಆದರೆ ದಿನಗಳು ಹೋಗುತ್ತಿದ್ದವು. ಛಾವಣಿಯಿಲ್ಲದ ನಾಲ್ಕು ಗೋಡೆ ಆಕಾಶಕ್ಕೆ ಬಾಯಿ ಬಿಟ್ಟು ನಿಂತಿತ್ತು. ಅಕ್ಕೋರು ದಿನಾ ಒಮ್ಮೆ ಅದರೊಳಗೆ ಹೋಗಿ ಮೇಲೆ ನೋಡಿ ಬರುತ್ತಿದ್ದರು. ಅವರ ತಂದೆ ಒಂದು ದಿನ ಹೊಲಕ್ಕೆ ಬಂದವರು, "ಹಕ್ಕಿಗೂ ಒಂದು ಮನಿ ಆತು. ನಿನಗ ಯಾವಾಗ ಆಗತೈತೋ," ಎಂದು ಹೋದರು. ಅಕ್ಕೋರು ನಕ್ಕರು. ಆಮೇಲೆ ತೊಟ್ಟಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದುಕೊಂಡರು.

ಅದೇ ದಿನಗಳಲ್ಲಿ ಒಂದು ಮುಂಜಾನೆ ನಾನು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತಿದ್ದೆ. ಹಡಗಲಿಯಿಂದ ಬಂದ ಬಸ್ಸಿನ ಕಂಡಕ್ಟರು ಕಿಟಕಿಯ ಹತ್ತಿರ ಬಂದು, ಇಡೀ ಬಸ್ಸಿಗೆ ಕೇಳುವ ಹಾಗೆ, "ಮೇಷ್ಟ್ರೇ, ಮೇಸ್ತ್ರಿ ಕೇಳ್ಯಾನ್ರಿ, ಹಡದಳೇನಂತ!" ಅಂದ.

"ಇನ್ನೂ ಇಲ್ಲಪ," ಅಂದೆ.

ಪಕ್ಕದ ಅಜ್ಜಿ ನನ್ನ ಕಡೆ ತಿರುಗಿದಳು. "ಯಾರಪ, ಮಗಳಾ?"

"ಅಲ್ಲಬೇ. ಹಕ್ಕಿ."

ಅಜ್ಜಿ ನಗುತ್ತಾಳೆಂದುಕೊಂಡೆ. ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, "ಈ ಬಿಸಿಲಾಗ ಪಾಪ, ತ್ರಾಸು ನೋಡು," ಅಂದಳು. ನಾಲ್ಕು ದಿನಕ್ಕೊಮ್ಮೆ ಆ ಕಂಡಕ್ಟರು ಅದೇ ಪ್ರಶ್ನೆ ತಂದ. ಮೇ ತಿಂಗಳ ಆರಂಭದ ಹೊತ್ತಿಗೆ ಆ ಬಸ್ಸಿನ ಕಾಯಂ ಪ್ರಯಾಣಿಕರೆಲ್ಲ ನಮ್ಮ ಬಸುರಿಯ ಯೋಗಕ್ಷೇಮಕ್ಕೆ ಬಾಧ್ಯರಾಗಿದ್ದರು.

ಮೊಟ್ಟೆ ಒಡೆದದ್ದು ಒಂದು ಮುಂಜಾನೆ, ನಮ್ಮೆಲ್ಲರ ಕಣ್ಣ ಮುಂದೆ. ಹುಡುಗಿ ಕೈ ಎತ್ತಿದಳು; ತಮ್ಮ ತಮ್ಮ ಜಾಗದಲ್ಲಿ ಕೂತಿದ್ದ ಮಕ್ಕಳು ಒಬ್ಬೊಬ್ಬರಾಗಿ, ಹೆಜ್ಜೆಯ ಸದ್ದಿಲ್ಲದೆ ಬಂದು ದೂರದಲ್ಲೇ ನಿಂತರು. ಎದ್ದು ನಿಂತ ಹಕ್ಕಿಯ ಕಾಲ ಕೆಳಗೆ ಜಲ್ಲಿ ಅಲುಗಾಡಿತು. ಒದ್ದೆ ಮುದ್ದೆಯಾಗಿದ್ದ ಮರಿಯೊಂದು ಬಿಸಿಲಿಗೆ ಒಣಗಿ, ಬೂದಿ ಬಣ್ಣದ ಹತ್ತಿಯುಂಡೆಯಾಗಿ, ಮಧ್ಯಾಹ್ನದೊಳಗೆ ತನ್ನ ಕಾಲ ಮೇಲೆ ತಾನೇ ನಿಂತಿತು. ಹಿಂದೆಯೇ ಇನ್ನೊಂದು, ಮತ್ತೊಂದು. ನಾಲ್ಕನೆಯದು ನಮ್ಮನ್ನು ಬಹಳ ಹೊತ್ತು ಕಾಯಿಸಿತು. ಎಲ್ಲ ತರಗತಿಯಲ್ಲೂ ಅಂಥದ್ದೊಂದು ಇರುತ್ತದೆ. ಸಂಜೆ ಬಿಸಿಲು ಇಳಿದಾಗ ತಾಯಿ ಒಂದು ಸಣ್ಣ ದನಿ ಮಾಡಿತು. ನಾಲ್ಕೂ ಗುಣಿ ದಾಟಿ, ತಮ್ಮಷ್ಟೇ ಎತ್ತರದ ಕಲ್ಲು ಹತ್ತಿ ಇಳಿದು, ಬಿದ್ದು ಎದ್ದು, ತಂಗಡಿ ಗಿಡಗಳ ಕಡೆ ನಡೆದು ಹೋದವು. ಹುಟ್ಟಿದ ದಿನವೇ ಟಿ.ಸಿ. ತೆಗೆದುಕೊಂಡು ಹೋದ ವಿದ್ಯಾರ್ಥಿಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದನೆಯ ತರಗತಿಯ ಮಗುವೊಂದು ಮಾತ್ರ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ, ಅರ್ಧ ಮುಗಿದು ನಿಂತಿತ್ತು. ನನ್ನ ಕೈಯೂ ಹಾಗೇ ಇತ್ತು.

ಮರುದಿನ ಕಂಡಕ್ಟರು ಕೇಳುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ: "ಹಡದಾಳಂತ ಹೇಳಪ! ನಾಕು!" ಬಸ್ಸಿನೊಳಗೆ ಯಾರೋ ಸೀಟಿ ಹೊಡೆದರು.

ಮೇಸ್ತ್ರಿ ಬಂದರು. ಅವರೇ ಹೇಳಿದ ಹಾಗೆ ಬರುವುದು ಅವರ ಕೈಯಲ್ಲಿರಲಿಲ್ಲ. ಕಲ್ಯಾಣ ಮಂಟಪದವರು ಬಿಟ್ಟದ್ದು ಮೇ ಮುಗಿಯಲು ಬಂದಾಗ. ಎರಡು ದಿನ ಸೆಂಟ್ರಿಂಗು ಕಟ್ಟಿ, ಮೂರನೆಯ ದಿನ ಕತ್ತಲಿದ್ದಾಗಲೇ ಶುರುಮಾಡಿ ಕಾಂಕ್ರೀಟು ಹಾಕಿಸಿದರು. ಗುಣಿ ಇದ್ದ ಆ ತುದಿಯ ಜಲ್ಲಿಯನ್ನು ಮಾತ್ರ ಆಳುಗಳಿಗೆ ಮುಟ್ಟಲು ಬಿಡಲಿಲ್ಲ. "ಇಷ್ಟು ಸಾಕು, ಅದಿರಲಿ," ಅಂದರು. ಕಾರಣ ಕೇಳಿದ್ದಕ್ಕೆ, ಜಲ್ಲಿ ಹೆಚ್ಚಾಗಿದೆ ಎಂದರು.

ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಶಾಲೆ ಶುರುವಾಗಿ ನಾಲ್ಕು ದಿನ. ಕೋಣೆಯ ತುಂಬ ಕಂಬ. ಬಾಗಿಲಲ್ಲಿ ನಿಂತು ಒಳಗೆ ಒಂದು ಕಾಲಿಡಲು ಜಾಗ ಹುಡುಕಿದರು, ಸಿಗಲಿಲ್ಲ. ಹರಪನಹಳ್ಳಿ ಕಡೆಯವರು. "ಏನ್ರೀ ಇದು? ಕೋಣೆ ಐತೆ, ಒಳಗೆ ಹೋಗಕ್ಕೇ ಆಗಲ್ಲವಲ್ಲ! ಬೇಸಿಗೆ ಪೂರ್ತಿ ಏನ್ ಮಾಡಿದ್ರಿ?"

ಇದಕ್ಕೆ ನಾನು ಒಂದು ಉತ್ತರ ತಯಾರಿಸಿ ಅಕ್ಕೋರಿಗೆ ಬಾಯಿಪಾಠ ಮಾಡಿಸಿದ್ದೆ: ಸಿಮೆಂಟಿನ ಅಭಾವ. ಇಲಾಖೆಯ ಕಿವಿಗೆ ಹಿತವಾದ, ಯಾರೂ ತನಿಖೆ ಮಾಡದ ಮಾತು. ಅಕ್ಕೋರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಹಿಂದೆ ನಿಂತ ಮಕ್ಕಳನ್ನು ನೋಡಿದರು.

"ಜಲ್ಲಿಯಾಗ ಟಿಟ್ಟಿಭ ಕಾವಿಗೆ ಕುಂತಿತ್ರಿ ಸರ. ಮರಿ ಆಗೋಮಟ ತಡದ್ವಿ."

ಸಾಹೇಬರು ಮತ್ತೊಮ್ಮೆ ಛಾವಣಿ ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಎಲ್ಲಿ?" ಅಂದರು. ಅಷ್ಟೂ ಕೈಗಳು ಉಳಿದ ಜಲ್ಲಿಯ ಕಡೆ ಎದ್ದವು.

"ಈಗ ಎಲ್ಲದಾವೆ ಮರಿ?"

"ಹುಟ್ಟಿದ ದಿನಾನ ಹ್ವಾದ್ವು ರೀ," ಅಂದಳು ಹುಡುಗಿ.

"ನೋಡೋಣ," ಅಂದರು ಸಾಹೇಬರು, ನಮ್ಮಿಬ್ಬರಿಗೆ. ಜೀಪು ಹತ್ತಿ ಹೋದರು.

ಆ "ನೋಡೋಣ" ಏನೆಂದು ನನಗೆ ಗೊತ್ತಿತ್ತು. ಆಗದ ಕೆಲಸಕ್ಕೆಲ್ಲ ನಾನೇ ಅದನ್ನು ಎಷ್ಟೋ ಜನರಿಗೆ ಕೊಟ್ಟು ಕಳಿಸಿದ್ದೇನೆ. ಅಕ್ಕೋರಿಗೂ ಗೊತ್ತಿತ್ತು. ಸಂಜೆ ಮಕ್ಕಳು ಗಿಡಕ್ಕೆ ನೀರು ಹಾಕುವಾಗ ಅವರು ಚಪ್ಪರದ ಕಂಬ ಹಿಡಿದು ನಿಂತು ಒಬ್ಬೊಬ್ಬರನ್ನೂ ನೋಡುತ್ತಿದ್ದರು. ನಾನು ಸಿಮೆಂಟಿನ ಮಾತು ಎತ್ತಲಿಲ್ಲ.

ಮರುದಿನ ಮುಂಜಾನೆ ನೆರಳು ಮೆಟ್ಟಿಲು ಬಿಟ್ಟಿತು, ಮಕ್ಕಳು ಬಂದು ಕೂತರು, ಸುದ್ದಿ ಶುರುವಾಯಿತು. ನಿನ್ನೆ ಬಂದುಹೋದ ಸಾಹೇಬರು ಈ ಅರಣ್ಯದ ಹೊಸ ಪ್ರಾಣಿಯಾಗಿ ವರದಿಯಾದರು. ಮೂರು ಸಲ ಛಾವಣಿ ನೋಡಿದರು. ಒಂದು ಸಲ ಕೆಮ್ಮಿದರು. ಹೊಂಡದ ಹತ್ತಿರ ನಿಂತು ಕರ್ಚೀಫು ತೆಗೆದು ಮತ್ತೆ ಒಳಗಿಟ್ಟರು. ಅಕ್ಕೋರು ತಲೆ ತಗ್ಗಿಸಿ, "ಹೌದಾ? ಆಮ್ಯಾಲ?" ಅನ್ನುತ್ತಿದ್ದರು, ದನಿಯಲ್ಲಿ ಜೀವವಿರಲಿಲ್ಲ. ಕೊನೆಗೆ ಸೈಕಲ್ ಅಂಗಡಿಯವರ ಮಗಳು ಎದ್ದಳು.

"ಸಾಹೇಬ್ರ ಜೀಪು ಜಲ್ಲಿ ಆಕಡಿ ನಿಂತಿತ್ರಿ. ಮೇಷ್ಟ್ರು ಈಗೀಗ ದಿನಾ ಹೋಗ್ತಾರಲ್ಲ, ಹಂಗ ನೆಟ್ಟಗ ಹಾಯ್ದು ಹೋಗಬಹುದಿತ್ತು. ಅವ್ರು ಹೋಗಲಿಲ್ರಿ. ಸುತ್ತು ಹಾಕ್ಕೊಂಡು ಹ್ವಾದ್ರು. ಕೆಳಗ ನೋಡ್ಕೋತ, ಒಂದೊಂದ ಹೆಜ್ಜಿ ಇಡ್ಕೋತ ಹ್ವಾದ್ರು."

ಅಕ್ಕೋರು ತಲೆ ಎತ್ತಿದರು. "ಖರೇನಾ?"

"ಖರೇ ರೀ. ನಾ ನೋಡೀನಿ."

ಅಕ್ಕೋರ ಮುಖದ ಮೇಲೆ ಬಣ್ಣ ಬರುವುದನ್ನು ನಾನು ನೋಡಿದೆ. ಕಾಗದ ಕೈಗೆ ಬರುವವರೆಗೆ ಯಾವುದನ್ನೂ ನಂಬಬಾರದು ಎಂದು ಇಲಾಖೆಯ ಅನುಭವದಿಂದ ಎಚ್ಚರಿಸಿದೆ.

"ಕಾಗದ ಬರತೈತಿ ಬಿಡ್ರಿ ಸರ," ಎಂದು ಅವರು ಹುಣಸೆ ಬೀಜದ ಡಬ್ಬಿ ಎತ್ತಿಕೊಂಡರು. "ಏಳ್ರೆಪ, ಲೆಕ್ಕಕ್ಕ ನಡ್ರಿ."

ಕಾಗದ ಬಂತು, ಒಂದೆರಡು ಮಳೆ ಆಗಿ, ಸೆಂಟ್ರಿಂಗು ಬಿಚ್ಚಿದ ವಾರ. ಒಂದು ವರ್ಷದ ಮಟ್ಟಿಗೆ ಅನುಮತಿ. ಹೊಸ ಕೋಣೆಯಲ್ಲಿ ಮಕ್ಕಳನ್ನೆಲ್ಲ ಕೂಡಿಸಿ, ನಿಂತುಕೊಂಡು, ನನ್ನ ಹಳೇ ದನಿಯಲ್ಲಿ ಅದನ್ನು ಓದಿ ಹೇಳಿದೆ. ಅಕ್ಕೋರು ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಕ್ಕಳು ಪೂರ್ತಿ ಕೇಳಿಸಿಕೊಂಡರು. ಮುಗಿಯಿತೆಂದು ಗೊತ್ತಾದ ಮೇಲೆ ಮೊದಲ ಸಾಲಿನ ಮಗು ಕೇಳಿತು: "ಆಮ್ಯಾಲ?"